ಬಾರದವರ ಲೆಕ್ಕವನ್ನೂ ಇಡಿ: ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ರಾಜ್ಯದ ಯಾವ ತಾಣಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕವನ್ನು ನಿಮ್ಮ ಇಲಾಖೆ ಇಡುತ್ತದೆ. ದೇಶದವರೆಷ್ಟು, ವಿದೇಶದವರೆಷ್ಟು, ಹಿಂದಿನ ವರ್ಷಕ್ಕಿಂತ ಎಷ್ಟು ಹೆಚ್ಚು ಎಂಬುದೆಲ್ಲ ಅದರಲ್ಲಿರುತ್ತದೆ. ಆ ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ನಾನು ಬರೆಯುತ್ತಿರುವುದು ಅದರಲ್ಲಿ ಇಲ್ಲದವರ ಬಗ್ಗೆ. ‘ಆ ಊರಾದರೆ ನಾನು ಬರುವುದಿಲ್ಲ’ ಎಂದು ಮನೆಯಲ್ಲೇ ಉಳಿದವರು, ಬೇಸರಪಟ್ಟು ಪಕ್ಕದ ರಾಜ್ಯದ ಬಸ್ಸು ಹತ್ತಿದವರು ಯಾವ ಟಿಕೆಟ್ ಕೌಂಟರಿನ ಮುಂದೆಯೂ ನಿಲ್ಲುವುದಿಲ್ಲ. ಹಾಗಾಗಿ ಅವರು ಏಕೆ ಒಲ್ಲೆ ಎಂದರು ಎಂಬುದು ನಿಮ್ಮ ಕಡತಕ್ಕೆ ಬರುವುದೇ ಇಲ್ಲ.

ನಾನು ದಾವಣಗೆರೆಯ ಒಂದು ಮಹಿಳಾ ಸಮಾಜದ ಸದಸ್ಯೆ. ಪ್ರವಾಸದ ಹೊಣೆಯನ್ನು ಬಹಳ ವರ್ಷಗಳಿಂದ ನನ್ನ ತಲೆಗೇ ಕಟ್ಟಿದ್ದಾರೆ. ಟೆಂಪೊ ಟ್ರಾವೆಲರ್ ಗೊತ್ತು ಮಾಡುವುದು, ಮುಂಗಡ ವಸೂಲು ಮಾಡುವುದು, ರೊಟ್ಟಿ ಯಾರು ತರುತ್ತಾರೆ, ಶೇಂಗಾ ಚಟ್ನಿಪುಡಿ ಯಾರದು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಇವೆಲ್ಲಕ್ಕಿಂತ ಮೊದಲಿನ ಮತ್ತು ಕಷ್ಟದ ಕೆಲಸ ಊರು ಆರಿಸುವುದು. ಹತ್ತು ಊರಿನ ಹೆಸರು ಹೇಳಿದರೆ ಆರೇಳಕ್ಕೆ ಯಾರಾದರೊಬ್ಬರು ಒಲ್ಲೆ ಎಂದು ತಲೆಯಾಡಿಸುತ್ತಾರೆ. ಮೊದಮೊದಲು ಇದನ್ನು ಮನೆಮಂದಿಯ ಮುನಿಸು, ಮಂಡಿನೋವಿನ ನೆಪ ಎಂದುಕೊಂಡಿದ್ದೆ. ಆಮೇಲೆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಊರಿನ ಹೆಸರಿನ ಎದುರು ಕಾರಣವನ್ನೂ ಬರೆದುಕೊಳ್ಳತೊಡಗಿದೆ. ಓದಿದರೆ ಗೊತ್ತಾಗುತ್ತದೆ, ಆ ಕಾರಣಗಳಲ್ಲಿ ಹೆಚ್ಚಿನವು ಬಹಳ ಗಟ್ಟಿಯಾದವು. ಪರಿಹಾರ ಮಾತ್ರ ಬಹಳ ಅಗ್ಗದ್ದು.

ಮೊದಲ ಕಾರಣವನ್ನು ಸಭೆಯಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಪಕ್ಕಕ್ಕೆ ಕರೆದು, ‘ಅಕ್ಕಾ, ಅಲ್ಲಿ ಹೆಣ್ಣುಮಕ್ಕಳು ಹೋಗಲು ಜಾಗ ಇದೆಯೇ?’ ಎನ್ನುತ್ತಾರೆ. ನಾವು ಹೋಗಿದ್ದ ಒಂದು ಹೆಸರಾಂತ ಸ್ಮಾರಕದ ಶೌಚಾಲಯದ ಸ್ಥಿತಿಯನ್ನು ಇಲ್ಲಿ ಬರೆಯುತ್ತೇನೆ. ಸ್ಮಾರಕದ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿನ ಗುತ್ತಿಗೆದಾರನೊಬ್ಬನಿಗೆ ನೋಟಿಸು ಕೊಟ್ಟು ಕಡತ ಮುಚ್ಚುತ್ತೀರಿ, ಉಳಿದ ಊರುಗಳು ಇದ್ದ ಹಾಗೆಯೇ ಇರುತ್ತವೆ. ಕಟ್ಟಡವೇನೋ ಚೆನ್ನಾಗಿತ್ತು. ಮುಂಭಾಗಕ್ಕೆ ಗ್ರಾನೈಟ್ ಹಾಕಿ, ಉದ್ಘಾಟನೆ ಮಾಡಿದವರ ಹೆಸರುಗಳನ್ನು ಕೊರೆಸಿದ್ದರು. ಬಾಗಿಲಿಗೆ ಬೀಗ ಬಿದ್ದಿತ್ತು. ಕೀಲಿ ಎದುರಿನ ಚಹಾದಂಗಡಿಯವನ ಹತ್ತಿರ, ಅವನು ಊಟಕ್ಕೆ ಹೋಗಿದ್ದ. ಅವನು ಬಂದ ಮೇಲೆ, ಒಳಗೆ ನೋಡುವ ಮೊದಲೇ ತಲೆಗೆ ಐದು ರೂಪಾಯಿ ಎಣಿಸಿ ಕೊಡಬೇಕಾಯಿತು. ಒಳಗಡೆ ಕದಕ್ಕೆ ಅಗುಳಿ ಇರಲಿಲ್ಲ. ಅಗುಳಿ ಇದ್ದ ತೂತಿಗೆ ಪ್ಲಾಸ್ಟಿಕ್ ದಾರ ಕಟ್ಟಿದ್ದರು, ಒಳಗಿದ್ದವರು ಅದನ್ನು ಒಂದು ಕೈಯಲ್ಲಿ ಎಳೆದು ಹಿಡಿದಿರಬೇಕು. ಕೈಚೀಲ ತೂಗುಹಾಕಲು ಒಂದು ಮೊಳೆ ಕೂಡ ಇರಲಿಲ್ಲವಾದ್ದರಿಂದ ಅದು ಕುತ್ತಿಗೆಯಲ್ಲಿ ಜೋತಾಡುತ್ತಿರಬೇಕು. ನೀರು ಹೊರಗಿನ ಡ್ರಮ್ಮಿನಲ್ಲಿತ್ತು. ಅರವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು, ಜಾರುವ ನೆಲದ ಮೇಲೆ ಬಕೆಟ್ ಹೊತ್ತು ಹೋಗಿ, ಅದೇ ಕೈಯಲ್ಲಿ ದಾರವನ್ನೂ ಹಿಡಿಯಬೇಕು. ಆ ಬಕೆಟ್ಟಿಗೆ ಮಗ್ಗು ಇರಲಿಲ್ಲ ಎಂಬುದನ್ನು ಈಗ ಬೇರೆ ಹೇಳಬೇಕಾಗಿಲ್ಲವೆಂದು ಕಾಣುತ್ತದೆ.

ಇದರ ಪರಿಣಾಮ ಏನೆಂದು ಗಂಡಸರೇ ತುಂಬಿರುವ ಸಭೆಗಳಲ್ಲಿ ನಿಮಗೆ ಯಾರೂ ಹೇಳಿರಲಾರರು. ಪ್ರವಾಸದ ದಿನ ನಮ್ಮ ಹೆಂಗಸರು ಬೆಳಗಿನಿಂದ ನೀರು ಕುಡಿಯುವುದಿಲ್ಲ. ಹಂಪಿ, ಬಾದಾಮಿ, ವಿಜಯಪುರದ ಬಿಸಿಲು ಎಂಥದ್ದೆಂದು ನಿಮಗೆ ಗೊತ್ತು. ಆ ಬಿಸಿಲಿನಲ್ಲಿ, ಬಂಡೆಯ ಕಾವಿನಲ್ಲಿ, ಬಾಟಲಿ ಚೀಲದಲ್ಲಿದ್ದರೂ ತುಟಿ ಒದ್ದೆ ಮಾಡಿಕೊಂಡು ಸುಮ್ಮನಿರುತ್ತಾರೆ. ಸಕ್ಕರೆ ಕಾಯಿಲೆಯ ನಮ್ಮ ಸದಸ್ಯೆಯೊಬ್ಬರಿಗೆ ಹೀಗೆಯೇ ಒಂದು ದಿನ ಕಳೆದ ಮೇಲೆ ಉರಿಮೂತ್ರ ಶುರುವಾಗಿ, ಚಳಿಜ್ವರ ಬಂದು, ವಾರವಿಡೀ ಔಷಧಿ ತೆಗೆದುಕೊಳ್ಳಬೇಕಾಯಿತು. ‘ಶಿಲ್ಪ ನೋಡುವುದಕ್ಕೆ ನನ್ನ ಮೂತ್ರಪಿಂಡ ಕೊಡಲಾರೆ’ ಎಂದು ಅವರು ಆಮೇಲೆ ಸಭೆಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ಮುಂದಿನ ಪಟ್ಟಿಯಿಂದ ಆ ಊರು ಹೋಯಿತು.

2023ರ ಜೂನ್ 11ರಂದು ನಿಮ್ಮ ಸರ್ಕಾರ ‘ಶಕ್ತಿ’ ಯೋಜನೆ ತಂದಿತು. 2025ರ ಜುಲೈನಲ್ಲಿ ಉಚಿತ ಪ್ರಯಾಣದ ಟಿಕೆಟುಗಳು 500 ಕೋಟಿ ದಾಟಿದ್ದನ್ನು ಮುಖ್ಯಮಂತ್ರಿಗಳೇ ಸಂಭ್ರಮಿಸಿದರು. ಗಂಡನ ಮುಂದೆ ಕೈಚಾಚದೆ ಧರ್ಮಸ್ಥಳಕ್ಕೋ ಸವದತ್ತಿಗೋ ಹೋಗಿ ಬಂದ ಹೆಂಗಸರ ಮುಖವನ್ನು ನಾನು ಕಂಡಿದ್ದೇನೆ. ಆ ಯೋಜನೆಯನ್ನು ಆಡಿಕೊಳ್ಳುವವರ ಸಾಲಿನಲ್ಲಿ ನಾನಿಲ್ಲ. ನನ್ನ ಪ್ರಶ್ನೆ ಇಷ್ಟೇ: ಇಷ್ಟು ಹೆಂಗಸರನ್ನು ಮನೆಯಿಂದ ಹೊರಡಿಸಿದ ಸರ್ಕಾರ, ಅವರು ಇಳಿಯುವ ಜಾಗದಲ್ಲಿ ಏನನ್ನು ಸಿದ್ಧಮಾಡಿತು? ನೂರಾರು ಮೈಲಿಯ ಬಸ್ಸು ಪುಕ್ಕಟೆ, ಬಸ್ಸಿಳಿದ ಮೇಲಿನ ಅಗುಳಿಯಿಲ್ಲದ ಕೋಣೆಗೆ ಐದು ರೂಪಾಯಿ. ಒಂದು ಉತ್ಸವದ ವೇದಿಕೆಗೆ, ಅದರ ಬೆಳಕಿಗೆ, ಅಲ್ಲಿ ಹಾಡಲು ಬರುವ ಸಿನಿಮಾ ಮಂದಿಗೆ ಆಗುವ ಖರ್ಚಿನಲ್ಲಿ ಎಷ್ಟು ಅಗುಳಿ, ಎಷ್ಟು ಮೊಳೆ, ಎಷ್ಟು ಮಗ್ಗು ಬರುತ್ತವೆಂದು ಲೆಕ್ಕಪತ್ರ ವಿಭಾಗದವರನ್ನು ಒಮ್ಮೆ ಕೇಳಿ ನೋಡಿ.

ಎರಡನೆಯ ಕಾರಣ ಭಯ. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಾಣಾಪುರದ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದಲ್ಲಿ, ರಾತ್ರಿಯ ಹೊತ್ತು ನಡೆದದ್ದು ನಿಮಗೆ ಗೊತ್ತೇ ಇದೆ. ಇಸ್ರೇಲಿನ ಪ್ರವಾಸಿ ಮಹಿಳೆಯ ಮೇಲೆ, ಅವರನ್ನು ಕರೆದೊಯ್ದಿದ್ದ ಹೋಮ್‌ಸ್ಟೇ ನಡೆಸುವ ಮಹಿಳೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗಂಡಸರನ್ನು ಕಾಲುವೆಗೆ ತಳ್ಳಿದ್ದರಿಂದ ಒಡಿಶಾದ ಯುವಕ ಸತ್ತುಹೋದ. ಪೊಲೀಸರು ಆರೋಪಿಗಳನ್ನು ಬೇಗನೆ ಹಿಡಿದರು, ಅದನ್ನು ಒಪ್ಪುತ್ತೇನೆ. ಆದರೆ ಆ ವಾರ ನಮ್ಮ ಸಮಾಜದ ಸದಸ್ಯೆಯರ ಮನೆಗಳಲ್ಲಿ ಆದ ಮಾತನ್ನು ಕೇಳಿ. ಹಂಪಿ, ಆನೆಗೊಂದಿ ನೋಡಲು ಗೆಳತಿಯರ ಜೊತೆ ಹೊರಟಿದ್ದ ಕಾಲೇಜಿನ ಹುಡುಗಿಯರನ್ನು ತಾಯಂದಿರು ತಡೆದರು. ಒಬ್ಬಳು ತಿರುಗಿ ವಾದಿಸಲೂ ಇಲ್ಲ, ತಾನೇ ಚೀಲ ಬಿಚ್ಚಿಟ್ಟಳು. ಒಂದು ಘಟನೆಯಿಂದ ಒಂದು ಸೀಮೆಯನ್ನೇ ದೂಷಿಸುವುದು ತಪ್ಪು ಎಂದು ನಾನೇ ಅವರಿಗೆ ಹೇಳಿದೆ. ‘ಹಾಗಾದರೆ ಆಮೇಲೆ ಅಲ್ಲಿ ಏನು ಬದಲಾಗಿದೆ, ಹೇಳಿ’ ಎಂದರು. ಹೇಳಲು ನನ್ನ ಬಳಿ ಏನೂ ಇರಲಿಲ್ಲ. ರಾತ್ರಿ ಹೊರಗೆ ಹೋಗಬೇಡಿ, ನಿರ್ಜನ ಜಾಗಕ್ಕೆ ಹೋಗಬೇಡಿ ಎಂಬ ಬುದ್ಧಿಮಾತು ಪ್ರವಾಸಿಗರಿಗೂ ಹೋಮ್‌ಸ್ಟೇಯವರಿಗೂ ತಲುಪುತ್ತದೆ. ಆ ಕಾಲುವೆಯ ದಾರಿಯಲ್ಲಿ ದೀಪ ಬಿತ್ತೇ, ರಾತ್ರಿ ಗಸ್ತು ಎಷ್ಟು ಹೊತ್ತಿಗೆ ಬರುತ್ತದೆ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಯಾರನ್ನು ಕೂಗಬೇಕು ಎಂಬುದು ತಲುಪುವುದಿಲ್ಲ. ಮಾಡಿದ್ದರೆ ಹೇಳಿ ಮಾನ್ಯರೇ, ಊರೂರಿಗೂ ತಿಳಿಯುವಂತೆ ಹೇಳಿ. ಮಾಡಿಲ್ಲದಿದ್ದರೆ ಒಲ್ಲೆ ಎನ್ನುವ ತಾಯಂದಿರನ್ನು ಅಂಜುಬುರುಕರೆನ್ನಬೇಡಿ.

ಸಮುದ್ರದ ಮಾತೂ ಅದೇ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಶಿಕ್ಷಕರ ಮೇಲೆ ಕ್ರಮವಾಯಿತು. ನಮ್ಮ ಕಡೆಯ ಮುಖ್ಯೋಪಾಧ್ಯಾಯರೊಬ್ಬರು ಆಗಿನಿಂದ ಶಾಲಾ ಪ್ರವಾಸದ ಪಟ್ಟಿಯಲ್ಲಿ ಕಡಲ ತೀರವನ್ನೇ ಇಟ್ಟಿಲ್ಲ. ಬಯಲುಸೀಮೆಯ ಮಕ್ಕಳಿಗೆ ಸಮುದ್ರ ಎಂದರೆ ಪುಸ್ತಕದ ಚಿತ್ರ. ಶಾಲೆಯ ಪ್ರವಾಸದಲ್ಲಿ ಕಾಣದಿದ್ದರೆ ಎಷ್ಟೋ ಮಕ್ಕಳು ಅದನ್ನು ಕಾಣುವುದೇ ಇಲ್ಲ. ಆ ಮುಖ್ಯೋಪಾಧ್ಯಾಯರಿಗೆ ಬೇಕಾಗಿರುವುದು ಸಾಕಷ್ಟು ಜೀವರಕ್ಷಕರು, ಇಳಿಯಬಾರದ ಜಾಗದಲ್ಲಿ ಕೆಂಪು ಬಾವುಟ, ಶಾಲಾ ಬಸ್ಸು ಬಂದ ಕೂಡಲೇ ‘ಇಷ್ಟು ದೂರ ಮಾತ್ರ’ ಎಂದು ಅಧಿಕಾರದಿಂದ ಹೇಳುವ ಒಬ್ಬ ಮನುಷ್ಯ.

ಇನ್ನು ಮೆಟ್ಟಿಲುಗಳು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಿನಲ್ಲಿ. ಆನೆಗೊಂದಿಯ ಅಂಜನಾದ್ರಿಗೂ ಐನೂರಕ್ಕೆ ಮೇಲೆ. ಎಲ್ಲ ಬೆಟ್ಟಕ್ಕೂ ರೋಪ್‌ವೇ ಹಾಕಿ ಎಂದು ನಾನು ಕೇಳುವುದಿಲ್ಲ. ಹತ್ತಲಾರದವರು ಕೆಳಗೆ ಕೂತು ಕಾಯುವುದರಲ್ಲಿಯೂ ಒಂದು ಸುಖವಿದೆ, ಕೂರಲು ನೆರಳಿನ ಕಟ್ಟೆ ಇದ್ದರೆ. ಆದರೆ ದೂರದ ಬೆಟ್ಟ ನುಣ್ಣಗೆ ಎಂಬುದನ್ನು ಇಲಾಖೆಯ ಜಾಹೀರಾತುಗಳು ಅಕ್ಷರಶಃ ಪಾಲಿಸುತ್ತವೆ. ಡ್ರೋನ್‌ನಿಂದ ತೆಗೆದ ಚಿತ್ರದಲ್ಲಿ ಮೆಟ್ಟಿಲು ಕಾಣುವುದಿಲ್ಲ. ಎಷ್ಟು ಮೆಟ್ಟಿಲು, ಹಿಡಿದು ಹತ್ತುವ ಕಂಬಿ ಎಲ್ಲಿಯವರೆಗೆ ಇದೆ, ಡೋಲಿ ಸಿಗುತ್ತದೆಯೇ, ಅದಕ್ಕೆಷ್ಟು ಎಂದು ಮೊದಲೇ ಗೊತ್ತಾದರೆ ನಮ್ಮ ಸದಸ್ಯೆಯರು ಅಳೆದು ಸುರಿದು ತೀರ್ಮಾನ ಮಾಡಬಲ್ಲರು. ಬೆಟ್ಟದ ಬುಡಕ್ಕೆ ಹೋಗಿ ತಲೆ ಎತ್ತಿ ನೋಡಿ ಕೂತವರು ಮರುವರ್ಷ ಯಾವ ಬೆಟ್ಟದ ಹೆಸರೆತ್ತಿದರೂ ಕೈಯಾಡಿಸುತ್ತಾರೆ.

ಜೋಗದ ವಿಷಯವೂ ಮಾಹಿತಿಯದ್ದೇ. ಜೋಗದ ಮೇಲಿನ ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1,819 ಅಡಿ, ಈ ದಿನ ಎಷ್ಟು ಎಂದು ಮಳೆಗಾಲವಿಡೀ ಪತ್ರಿಕೆಗಳು ಅಚ್ಚು ಹಾಕುತ್ತವೆ. ಅದರ ಕೆಳಗೇ ‘ಜೋಗದಲ್ಲಿ ಇಂದು ನೀರು ಇದೆ, ಮಂಜು ಇಲ್ಲ’ ಎಂಬ ಒಂದು ಸಾಲನ್ನು ಇಲಾಖೆ ಕೊಟ್ಟರೆ ಬೋಳು ಬಂಡೆ ನೋಡಿ ಬಂದವರ ಶಾಪ ತಪ್ಪುತ್ತದೆ. 2025ರ ಜನವರಿ 1ರಿಂದ ಮಾರ್ಚ್ 15ರವರೆಗೆ ಕಾಮಗಾರಿಗಾಗಿ ಅಲ್ಲಿ ಪ್ರವೇಶ ನಿಲ್ಲಿಸಿದಂತೆ ಮುಂದೆ ನಿಲ್ಲಿಸುವಾಗಲೂ, ಸುದ್ದಿ ದೂರದ ಜಿಲ್ಲೆಗಳಿಗೆ ತಿಂಗಳ ಮುಂಚೆಯೇ ಮುಟ್ಟಬೇಕು.

ಜನಜಂಗುಳಿಗೆ ಹೆದರಿ ಹೋಗದವರು ಬೇರೊಂದು ಜಾತಿ, ಹೆಚ್ಚಾಗಿ ನಮ್ಮ ಮಕ್ಕಳ ವಯಸ್ಸಿನವರು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಚಾರಣದ ದಾರಿಯಲ್ಲಿ ಸಾವಿರಾರು ಮಂದಿ ಸಾಲುಗಟ್ಟಿ ನಿಂತ ವೀಡಿಯೊ ನೋಡಿದ ಮೇಲೆ ನನ್ನ ಸೋದರಳಿಯ ಶನಿವಾರ ಭಾನುವಾರ ಯಾವ ಬೆಟ್ಟಕ್ಕೂ ಕಾಲಿಟ್ಟಿಲ್ಲ. ಅರಣ್ಯ ಇಲಾಖೆ ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದದ್ದು ಒಳ್ಳೆಯದೇ. ಕಾಡಿನ ಮಟ್ಟಿಗೆ ಬಾರದವರಿಗಿಂತ ಬಂದವರೇ ದೊಡ್ಡ ಸಮಸ್ಯೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ನಮ್ಮವರ ಎಲ್ಲ ಒಲ್ಲೆಗಳೂ ನ್ಯಾಯವಾದವು ಎಂದು ನಾನು ವಾದಿಸುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಗುಡ್ಡ ಕುಸಿದ ಮೇಲೆ ಕೊಡಗು ಎಂದರೆ ಬೆಚ್ಚುವವರು ನಮ್ಮಲ್ಲಿ ಈಗಲೂ ಇದ್ದಾರೆ. ಮಳೆಗಾಲದಲ್ಲಿ ಆ ಎಚ್ಚರ ಸರಿಯೇ. ಆದರೆ ಕಾಫಿ ಹಣ್ಣಾಗುವ ಒಣ ತಿಂಗಳುಗಳಲ್ಲಿಯೂ ಹೋಗುವುದಿಲ್ಲ ಎಂದರೆ ಅಲ್ಲಿ ಎರಡು ಕೋಣೆ ಬಾಡಿಗೆಗೆ ಕೊಟ್ಟು ಬದುಕುವವರು ಏನು ಮಾಡಬೇಕು? ಯಾವ ರಸ್ತೆ ಗಟ್ಟಿ, ಯಾವ ತಿಂಗಳು ಅಪಾಯ ಎಂದು ಸರ್ಕಾರವೇ ಸ್ಪಷ್ಟವಾಗಿ ಹೇಳದಿದ್ದರೆ ವಾಟ್ಸ್‌ಆ್ಯಪ್ ಹೇಳುತ್ತದೆ. ಅದು ಹೇಳುವುದನ್ನು ನೀವೂ ಓದಿರುತ್ತೀರಿ.

ಕಾರಣವಿಲ್ಲದ ಒಲ್ಲೆಗೆ ನಮ್ಮ ರಾಜ್ಯದ ಅತಿ ದೊಡ್ಡ ಉದಾಹರಣೆಯಂತೂ ನಮ್ಮಂಥ ಹೆಂಗಸರದ್ದಲ್ಲ, ನಿಮ್ಮಂಥ ದೊಡ್ಡವರದ್ದು. ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆಗೆ ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ ಅವರ ಹೆಸರುಗಳನ್ನು ಸಾಕ್ಷಿಯಾಗಿ ಹೇಳುತ್ತಾ ಎಷ್ಟು ವರ್ಷ ಕಳೆದೆವು! 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾದಾಗ ಅದರ ಉದ್ಘಾಟನೆ ಜಿಲ್ಲಾ ಕೇಂದ್ರದಲ್ಲಿ ಆಗದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಆಯಿತು. ಸಿದ್ದರಾಮಯ್ಯನವರು ಆ ಊರಿಗೆ ಹೋಗಿಯೂ 2013ರಿಂದ 2018ರವರೆಗೆ ಪೂರ್ತಿ ಐದು ವರ್ಷ ಆಳಿದ ಮೇಲಷ್ಟೇ ಆ ಮಾತಿನ ಬಾಯಿ ಕಟ್ಟಿತು. ಇದನ್ನು ಏಕೆ ನೆನಪಿಸುತ್ತಿದ್ದೇನೆಂದರೆ, ಮುಖ್ಯಮಂತ್ರಿಗಳು ಹೋಗದ ಒಂದು ಪಟ್ಟಣದ ಬಗ್ಗೆ ಪತ್ರಿಕೆಗಳು ದಶಕಗಳ ಕಾಲ ಬರೆದವು, ವಿಧಾನಸೌಧದ ಪಡಸಾಲೆಯಲ್ಲಿ ಚರ್ಚೆಯಾಯಿತು. ಅದರ ಹಿಂದೆ ಇದ್ದದ್ದು ಬರೀ ದಿಗಿಲು. ಅಗುಳಿ, ದೀಪ, ನೆರಳು ಇಲ್ಲ ಎಂಬ ಕಾರಣಕ್ಕೆ ಲಕ್ಷಾಂತರ ಹೆಂಗಸರು ಹೋಗದ ಊರುಗಳ ಪಟ್ಟಿ ಎಲ್ಲಿದೆ?

ಅದೇ ಚಾಮರಾಜನಗರ ಜಿಲ್ಲೆಯಲ್ಲಿ ನಮ್ಮವರು ‘ಇನ್ನೊಮ್ಮೆ ಹೋಗೋಣ’ ಎಂದ ಜಾಗವೂ ಇದೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಖಾಸಗಿ ವಾಹನಗಳನ್ನು ಕೆಳಗೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಕರೆದೊಯ್ಯುತ್ತಾರೆ. ಬೆಟ್ಟದ ಮೇಲೆ ಹಾರನ್ ಇಲ್ಲ, ಹಾಡು ಇಲ್ಲ, ಕಾರಿನಿಂದ ಎಸೆದ ಕುರ್‌ಕುರೆ ಪೊಟ್ಟಣವಿಲ್ಲ. ಮಂಡಿನೋವಿನವರೂ ದೇವರ ಬಾಗಿಲವರೆಗೆ ಹೋದರು. ಇನ್ನೊಂದು, ಶಿವಮೊಗ್ಗ ಜಿಲ್ಲೆಯ ಸಿಗಂದೂರು. ಶರಾವತಿ ಹಿನ್ನೀರಿನ ಲಾಂಚಿಗಾಗಿ ಗಂಟೆಗಟ್ಟಲೆ ಕಾಯಬೇಕು, ಬೇಸಿಗೆಯಲ್ಲಿ ನೀರಿಳಿದರೆ ವಾಹನ ಹತ್ತಿಸುವುದಿಲ್ಲ ಎಂದು ಚೌಡೇಶ್ವರಿಗೆ ಹರಕೆ ಹೊತ್ತವರೂ ಮುಂದೂಡುತ್ತಿದ್ದರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ತಕರಾರೇ ಮಾಯವಾಯಿತು. ಲಾಂಚಿನ ಗಾಳಿ ತಪ್ಪಿತಲ್ಲ ಎಂದು ಕೊರಗುವ ಒಬ್ಬರಿದ್ದಾರೆ, ಅವರನ್ನು ಬಿಡಿ. ಸೇತುವೆಗೆ ನೂರಾರು ಕೋಟಿ ಬೇಕು, ದಶಕಗಳ ಹೋರಾಟ ಬೇಕು. ನಾನು ಕೇಳುತ್ತಿರುವುದಕ್ಕೆ ಅಷ್ಟು ಬೇಡ.

ಮೊದಲನೆಯದಾಗಿ, ಬಾರದವರನ್ನು ಕೇಳಿ. ತಾಣದ ಗೇಟಿನಲ್ಲಿ ಅಭಿಪ್ರಾಯ ಪುಸ್ತಕ ಇಟ್ಟರೆ ಬಂದವರು ಬರೆಯುತ್ತಾರೆ. ಸ್ತ್ರೀಶಕ್ತಿ ಸಂಘಗಳಲ್ಲಿ, ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ, ಹಿರಿಯ ನಾಗರಿಕರ ಸಂಘಗಳಲ್ಲಿ, ಟೆಂಪೊ ಟ್ರಾವೆಲರ್ ಓಡಿಸುವ ಚಾಲಕರಲ್ಲಿ ಕೇಳಿದರೆ ಯಾವ ಊರು, ಏಕೆ ಬೇಡ ಎಂಬುದು ಒಂದೇ ತಿಂಗಳಲ್ಲಿ ನಿಮ್ಮ ಮೇಜಿನ ಮೇಲಿರುತ್ತದೆ. ಚಾಲಕರನ್ನಂತೂ ಬಿಡಬೇಡಿ, ಅವರಿಗೆ ಇಡೀ ರಾಜ್ಯದ ಶೌಚಾಲಯಗಳ ಜಾತಕ ಗೊತ್ತು. ಎರಡನೆಯದಾಗಿ, ಶೌಚಾಲಯವನ್ನು ಹರಾಜಿಗೆ ಹಿಡಿದವನ ಲಾಭಕ್ಕೆ ಬಿಡಬೇಡಿ. ಸ್ಥಳೀಯ ಮಹಿಳಾ ಸಂಘದವರನ್ನು ತಿಂಗಳ ಸಂಬಳಕ್ಕೆ ನೇಮಿಸಿ, ಸೂರ್ಯೋದಯದಿಂದ ಕತ್ತಲಾಗುವವರೆಗೆ ಕದ ತೆರೆದಿರಲಿ. ಕೀಲಿ ಚಹಾದಂಗಡಿಗೆ ಹೋಗುವುದು ನಿಲ್ಲಲಿ. ಸಾಣಾಪುರ, ಆನೆಗೊಂದಿ, ಹಂಪಿಯ ದಾರಿಗಳ ಬೆಳಕು ಮತ್ತು ಗಸ್ತಿನ ವಿವರವನ್ನು ಪೊಲೀಸ್ ಇಲಾಖೆಯ ಜೊತೆ ಸೇರಿ ಸಾರ್ವಜನಿಕವಾಗಿ ಪ್ರಕಟಿಸಿ. ಕಡಲ ತೀರಗಳಿಗೆ ಶಾಲಾ ಪ್ರವಾಸದ ತಿಂಗಳುಗಳಾದ ನವೆಂಬರ್‌ನಿಂದ ಜನವರಿಯವರೆಗಾದರೂ ಹೆಚ್ಚುವರಿ ಜೀವರಕ್ಷಕರನ್ನು ಕೊಡಿ. ಪ್ರತಿ ತಾಣಕ್ಕೂ ಒಂದು ಪುಟದ ನಿಜದ ಮಾಹಿತಿ ಇರಲಿ: ಮೆಟ್ಟಿಲೆಷ್ಟು, ನೆರಳೆಲ್ಲಿ, ಕುಡಿಯುವ ನೀರೆಲ್ಲಿ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ.

ಸ್ಮಾರಕಗಳು ಕೇಂದ್ರದ ಪುರಾತತ್ವ ಇಲಾಖೆಯವು, ರಸ್ತೆ ಲೋಕೋಪಯೋಗಿಯದು, ಕಾಡು ಅರಣ್ಯ ಇಲಾಖೆಯದು, ಶೌಚಾಲಯ ಗ್ರಾಮ ಪಂಚಾಯಿತಿಯದು ಎಂಬ ಉತ್ತರ ನನಗೆ ಗೊತ್ತಿದೆ. ಬಸ್ಸಿಳಿದ ಹೆಂಗಸಿಗೆ ಈ ಗಡಿಗಳು ಕಾಣುವುದಿಲ್ಲ. ಅವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರ ಇರುವ ಸಚಿವರೆಂದೇ ಈ ಪತ್ರವನ್ನು ನಿಮಗೆ ಬರೆದಿದ್ದೇನೆ.

ಇದಕ್ಕೆ ಉತ್ತರ ಬರೆಯುವ ಮನಸ್ಸಾದರೆ ‘ಅಗತ್ಯ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ’ ಎಂಬ ಸಾಲನ್ನು ದಯವಿಟ್ಟು ಬಿಟ್ಟುಬಿಡಿ. ಯಾರಿಗೆ ಸೂಚಿಸಿದಿರಿ, ಯಾವ ತಾರೀಖಿನೊಳಗೆ ಎಂದು ಬರೆಸಿ. ದಸರಾ ರಜೆಯ ಪ್ರವಾಸಕ್ಕೆ ನಮ್ಮ ಸಮಾಜ ಗಣಪತಿ ಹಬ್ಬದ ನಂತರ ಸಭೆ ಸೇರುತ್ತದೆ. ಪಟ್ಟಿಯಲ್ಲಿ ಸದ್ಯಕ್ಕೆ ಹಂಪಿಯೂ ಇದೆ, ಕನ್ಯಾಕುಮಾರಿಯೂ ಇದೆ. ನಿಮ್ಮ ಉತ್ತರ ಅಷ್ಟರೊಳಗೆ ಬಂದರೆ ಓದಿ ಹೇಳುತ್ತೇನೆ, ಮುಂಗಡ ಕೊಡುವುದು ಆಮೇಲೆಯೇ.

ಇತಿ ತಮ್ಮ ವಿಶ್ವಾಸಿ,
ಮಹಿಳಾ ಸಮಾಜವೊಂದರ ಪ್ರವಾಸದ ಹೊಣೆ ಹೊತ್ತವಳು,
ದಾವಣಗೆರೆ.